ಮೋಟರಿನ ತಲೆಯ ಮೇಲೆ ಕಾಫಿ ಲೋಟ

ಶಿವ್ಡಿ ಬಂದರಿನಲ್ಲಿ ನಾನು ಗೊತ್ತಿಲ್ಲದವರು ಯಾರೂ ಇಲ್ಲ. ಕೆಲವರಿಗೆ ನನ್ನ ದೋಣಿಯಿಂದ ಗೊತ್ತು, ಉಳಿದವರಿಗೆ ನನ್ನ ಸುಳ್ಳುಗಳಿಂದ ಗೊತ್ತು. ಕೋಳಿಗಳೆಂಬ ಇಲ್ಲಿನ ಬೆಸ್ತರ ಮೀನು ದೋಣಿಗಳ ಸಾಲಿನ ಕೊನೆಯಲ್ಲಿ ಬಿಳಿ ಹಾಯಿ ಸುತ್ತಿಕೊಂಡು, ಮದುವೆ ಮನೆಗೆ ತಪ್ಪಿ ಬಂದ ನೆಂಟರ ಹಾಗೆ ನಿಂತಿರುವ ಪುಟ್ಟದೊಂದು ಕಂಡರೆ ಅದು ನನ್ನದು. ದಾದರಿನಲ್ಲಿ ಆಯುಷ್ಯವೆಲ್ಲ ಇಡ್ಲಿ ದೋಸೆ ಮಾರಿದ ಮನುಷ್ಯನಿಗೆ ಹಾಯಿದೋಣಿ ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕತೆ ಹೇಳಿದ್ದೇನೆ. ಒಬ್ಬರಿಗೆ ಇಸ್ಪೀಟಿನಲ್ಲಿ ಗೆದ್ದದ್ದು ಎಂದೆ. ಇನ್ನೊಬ್ಬರಿಗೆ ಪೋರ್ಚುಗೀಸರ ಕಾಲದಿಂದ ನಮ್ಮ ಮನೆತನದಲ್ಲಿರುವುದು ಎಂದೆ; ಪುಣ್ಯಾತ್ಮರು ಫೈಬರಿನ ದೋಣಿಯನ್ನು ಮುಟ್ಟಿ ನೋಡಿ ಕೈಮುಗಿದರು.

ನಿಜ ಇಷ್ಟೇ. ನಮ್ಮ ಹೋಟೆಲಿಗೆ ದಿನವೂ ಬರುತ್ತಿದ್ದ ಪಾರ್ಸಿ ಯಜಮಾನರೊಬ್ಬರು ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ನನಗೆ ದಾಟಿಸಿದರು. ಹಾಯಿ ಹಿಡಿಯುವುದನ್ನು ನನಗೂ ನನ್ನ ಹೆಂಡತಿಗೂ ಅವರೇ ಕಲಿಸಿದರು. ನಾನು ಬೇಗ ಕಲಿತೆ. ಅವಳು ನನಗಿಂತ ಬೇಗ ಕಲಿತಳು, ಆದರೆ ಅದಕ್ಕೆ ಕಾರಣವಿದೆ: ಅವಳು ಊರಲ್ಲಿ ಹೊಳೆ ದಾಟಿ ಶಾಲೆಗೆ ಹೋದವಳು. ನಾನು ಶಾಲೆ ತಪ್ಪಿಸಲು ಹೊಳೆಯ ಈಚೆಯೇ ಉಳಿದವನು.

ಹಾಯಿದೋಣಿಗೆ ಮೋಟರು ಯಾಕೆ ಎಂದು ಕೇಳುವವರು ಶಿವ್ಡಿಯ ಕೆಸರನ್ನು ನೋಡಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ಸಮುದ್ರವೇ ಎದ್ದು ಹೊರಟುಹೋಗುತ್ತದೆ. ನಡುವೆ ಕಾಲುವೆಯಷ್ಟು ನೀರು, ಎರಡೂ ಬದಿಗೆ ಸೊಂಟದ ತನಕ ನುಂಗುವ ಕೆಸರು. ಗಾಳಿ ಬಿದ್ದುಹೋದಾಗ ಆ ಕಾಲುವೆಯೊಳಗೆ ದೋಣಿಯನ್ನು ಬಂದರಿಗೆ ತರಬೇಕಾದರೆ, ಹಿಂದಿನ ಹಲಗೆಗೆ ಕಚ್ಚಿಸಿದ ಔಟ್‌ಬೋರ್ಡ್ ಮೋಟರು ಬೇಕೇ ಬೇಕು. ಪಾರ್ಸಿಯವರು ಕೊಟ್ಟ ಮೋಟರು ದೋಣಿಗಿಂತ ಮುದುಕ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು, ಕೈ ಸೋಲುವ ತನಕ ಹಗ್ಗ ಎಳೆಯಬೇಕು. ಆಮೇಲೆ ಅದು ನೀಲಿ ಹೊಗೆ ಬಿಟ್ಟು, ಕೆಮ್ಮಿ, ಉಗುಳಿ, ಉಪಕಾರ ಮಾಡಿದಂತೆ ಹೊರಡುತ್ತಿತ್ತು.

ಆ ಮೋಟರಿನಿಂದ ನಾನು ಪಡೆದ ಸುಖ ಬೇರೆಯೇ. ಹೊಸಬರನ್ನು ದೋಣಿಗೆ ಹತ್ತಿಸಿಕೊಂಡಾಗ, ಕಾಲುವೆಯ ನಟ್ಟನಡುವೆ, ಯಾರಿಗೂ ಕಾಣದ ಹಾಗೆ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ ಬಂದ್ ಮಾಡುತ್ತಿದ್ದೆ. ಮೋಟರು ಸ್ವಲ್ಪ ದೂರ ಹೋಗಿ ತಾನಾಗಿ ಸಾಯುತ್ತಿತ್ತು. ನಾನು ಮುಖ ಬಿಳಿಚಿಸಿಕೊಳ್ಳುತ್ತಿದ್ದೆ. ಇದಕ್ಕೆ ಅಭ್ಯಾಸ ಬೇಕು, ಎಲ್ಲರಿಂದ ಆಗುವ ಕೆಲಸವಲ್ಲ. ಕೆಸರು, ಇಳಿತ, ಹಿಂದೆ ಇಲ್ಲೇ ಸಿಕ್ಕಿಬಿದ್ದವರ ಕತೆ ಎಲ್ಲ ಹೇಳಿ ಮುಗಿಸಿ, ಕೊನೆಗೆ ಮೋಟರಿಗೆ ಕೈಮುಗಿದು ‘ದೊಡ್ಡವರೇ, ಮಕ್ಕಳ ಮೇಲೆ ಕೋಪ ಬೇಡ’ ಎನ್ನುತ್ತ ಕಾಲಿನ ಹೆಬ್ಬೆರಳಿನಿಂದ ನಲ್ಲಿ ತೆರೆಯುತ್ತಿದ್ದೆ. ನಾಲ್ಕು ಸಲ ಎಳೆದರೆ ಜೀವ ಬರುತ್ತಿತ್ತು. ಜನ ನನ್ನನ್ನು ಸಾಧುವನ್ನು ನೋಡಿದ ಹಾಗೆ ನೋಡುತ್ತಿದ್ದರು. ಒಬ್ಬರು ಆ ಗಳಿಗೆಯಲ್ಲಿ ತೆಂಗಿನಕಾಯಿ ಹರಕೆ ಹೇಳಿಕೊಂಡು, ಆಮೇಲೆ ಒಡೆಸಿಯೂ ಬಂದರು. ಪ್ರಸಾದ ನನಗೂ ತಲುಪಿತು, ತಿಂದೆ. ಹೆಂಡತಿಯ ಮೇಲೂ ಈ ಪ್ರಯೋಗ ಮಾಡಿದ್ದೇನೆ, ಒಂದೆರಡು ಸಲವಲ್ಲ.

ಹೀಗಿರುವಾಗ ಒಂದು ಚಳಿಗಾಲದ ಭಾನುವಾರ ನಾವಿಬ್ಬರೇ ಹೋಗಿ ವಾಪಸು ಬರುವಾಗ ಗಾಳಿ ಬಿತ್ತು. ಮೋಟರು ಹಚ್ಚಿದೆ. ಅರ್ಧ ದಾರಿಯಲ್ಲಿ ಅದು, ಗ್ರೈಂಡರಿನ ಹಿಟ್ಟಿಗೆ ಕಲ್ಲು ಬಿದ್ದ ಹಾಗೆ ಒಂದು ಶಬ್ದ ಮಾಡಿ ನಿಂತಿತು. ಹಗ್ಗ ಎಳೆದರೆ ಗೋಡೆಯ ಮೊಳೆ ಎಳೆದಂತೆ, ಕದಲಲಿಲ್ಲ. ಮೋಟರು ಸತ್ತಿದೆ ಎಂದು ಹೆಂಡತಿಗೆ ಹೇಳಿದೆ. ಅವಳು ಫ್ಲಾಸ್ಕು ತೆರೆದು ಕಾಫಿ ಬಗ್ಗಿಸಿಕೊಂಡಳು.

“ಆಯ್ತು, ಕೈ ಮುಗೀರಿ” ಎಂದಳು.

ಮಕ್ಕಳಾಣೆ ಹಾಕಿದೆ. ಹೋಟೆಲಿನ ಆಣೆ ಹಾಕಿದೆ. ಅವಳು ಗೋಳಿಬಜೆಯ ಪೊಟ್ಟಣ ಬಿಚ್ಚಿದಳು. ನನ್ನ ಮುಖ ಆಗ ನಿಜವಾಗಿ ಬಿಳಿಚಿತ್ತು. ಅವಳು ಅದನ್ನು ಓರೆಯಾಗಿ ನೋಡಿ, “ಇವತ್ತು ಅಷ್ಟು ಚಂದ ಆಗ್ಲಿಲ್ಲ” ಎಂದಳು.

ನೀರು ಇಳಿಯಿತು. ದೋಣಿ ನಿಧಾನಕ್ಕೆ ಒಂದು ಬದಿಗೆ ವಾಲಿ ಕೆಸರಿನಲ್ಲಿ ಕೂತಿತು. ಫ್ಲೆಮಿಂಗೊಗಳು ಸುತ್ತ ಬಂದು, ನಾವೂ ಅವುಗಳ ಪೈಕಿಯೇ ಏನೋ ಎಂಬಂತೆ ಮೇಯತೊಡಗಿದವು. ಆಗ ಅವಳಿಗೆ ನಂಬಿಕೆ ಬಂತು. ಭರತ ತಿರುಗಿ ಬರುವ ತನಕ ಬಿಸಿಲಲ್ಲಿ ಕೂತಿದ್ದೆವು. ಬಜೆ ಒಂದೂ ನನಗೆ ಸಿಗಲಿಲ್ಲ. ಕೊನೆಗೆ ಒಂದು ಮೀನು ದೋಣಿ ನಮ್ಮನ್ನು ಎಳೆದು ತಂದು ಬಂದರಿಗೆ ಬಿಟ್ಟಾಗ, ಅವಳು ಸೀರೆಯ ಕೆಸರು ಕೊಡವುತ್ತ ಒಂದು ಮಾತು ಹೇಳಿದಳು.

“ಇನ್ನು ನಾನು ಬರುದಿಲ್ಲ. ಮೋಟರು ಸತ್ತಿತು ಅಂತ ಅಲ್ಲ. ಸತ್ತದ್ದು ಹೌದಾ ಅಲ್ವಾ ಅಂತ ನಿಮ್ಮ ಮುಖ ನೋಡಿದ್ರೆ ನನಗೆ ಗೊತ್ತಾಗುದಿಲ್ಲ, ಅದಕ್ಕೆ.”

ನಾನು ನಕ್ಕುಬಿಟ್ಟೆ, ಎರಡು ವಾರದಲ್ಲಿ ಸರಿಯಾಗುತ್ತದೆ ಎಂದುಕೊಂಡು. ಆಗಲಿಲ್ಲ. ಈ ದೋಣಿಗೆ ಹಾಯಿ ಎರಡು, ಕೈ ನಾಲ್ಕು ಬೇಕು. ಮಗನಿಗೆ ಹೋಟೆಲು ಬಿಟ್ಟು ಬೇರೆ ಲೋಕ ಗೊತ್ತಿಲ್ಲ; ಮೊಮ್ಮಕ್ಕಳಿಗೆ ಕೆಸರಿನ ವಾಸನೆ ಆಗದು. ಕರೆದುಕೊಂಡು ಹೋದ ಗೆಳೆಯರಲ್ಲಿ ಒಬ್ಬರು ಹಾಯಿಯ ಹಗ್ಗ ಬಿಡು ಎಂದಾಗ ಹಿಡಿದರು, ಹಿಡಿ ಎಂದಾಗ ಬಿಟ್ಟರು. ಅವಳಾದರೆ ನಾನು ಬಾಯಿ ತೆರೆಯುವ ಮೊದಲೇ ಹಗ್ಗ ಸಡಿಲಿಸಿರುತ್ತಿದ್ದಳು. ಚುಕ್ಕಾಣಿಯನ್ನಂತೂ ಅವಳಷ್ಟು ನಯವಾಗಿ ಹಿಡಿಯುವವರು ಈ ಕರಾವಳಿಯಲ್ಲಿ ಇಲ್ಲ, ನನ್ನನ್ನು ಬಿಟ್ಟರೆ. ಅವಳಿಲ್ಲದೆ ದೋಣಿ ಕಟ್ಟಿದಲ್ಲೇ ಉಳಿಯಿತು, ಅದರ ಹೊಟ್ಟೆಗೆ ಪಾಚಿ ಹಿಡಿಯತೊಡಗಿತು.

ಆಗ ರಂಗಕ್ಕೆ ಬಂದವನು ಅವಳ ತಮ್ಮ. ಮುಲುಂಡಿನಲ್ಲಿ ಅವನದೊಂದು ಫ್ಯಾಮಿಲಿ ರೆಸ್ಟೋರೆಂಟು. ಮೇಲೆ ಏಸಿ ಹಾಲ್, ಭಾನುವಾರ ಬಫೆ. ಯಾವುದೋ ದೊಡ್ಡ ಹೋಟೆಲಿನಲ್ಲಿ ದೋಣಿಯೊಳಗೆ ಸಲಾಡ್ ಇಟ್ಟದ್ದನ್ನು ನೋಡಿ ಬಂದಿದ್ದಾನೆ. ಒಂದು ದಿನ ಬಂದರಿಗೆ ಅಳತೆಯ ಟೇಪು ಹಿಡಿದುಕೊಂಡೇ ಬಂದ.

“ಭಾವ, ಸುಮ್ನೆ ಇಲ್ಲಿ ಹಾಳಾಗ್ತಾ ಉಂಟಲ್ಲ. ಒಳಗೆ ಪೂರಾ ಐಸ್ ತುಂಬಿಸುದು. ಈ ಸೈಡು ಕೋಸಂಬರಿ, ಆ ಸೈಡು ರಷ್ಯನ್ ಸಲಾಡ್. ಕಂಬಕ್ಕೆ ಲೈಟಿನ ಮಾಲೆ ಬಿಡುದು. ಪಬ್ಲಿಕ್ ಫೋಟೋ ತೆಗೀಲಿಕ್ಕೇ ಬರ್ತದೆ.”

ನಾನು ಹಾಯಿ ಬಿಚ್ಚುತ್ತಿದ್ದ ಕಂಬಕ್ಕೆ ದೀಪದ ಮಾಲೆ, ನಾನು ಕೂರುತ್ತಿದ್ದ ಜಾಗದಲ್ಲಿ ಹೆಚ್ಚಿದ ಸೌತೆಕಾಯಿ. ಅಡ್ಡಿಯಿಲ್ಲ, ಯೋಚಿಸೋಣ ಎಂದು ನಗುತ್ತ ಹೇಳಿ ಅವನನ್ನು ಸಾಗಹಾಕಿದೆ. ಮನೆಗೆ ಬಂದವನೇ, ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಎದುರು ಕೂತು, ಹೊಸ ಮೋಟರು ತರುತ್ತೇನೆ, ಲೋಕದಲ್ಲೇ ಒಳ್ಳೆಯದು ತರುತ್ತೇನೆ ಎಂದೆ. ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ತನ್ನಿ. ಆದ್ರೆ ಸ್ಟಾರ್ಟ್ ಮಾಡುದು ನಾನು. ನನ್ನ ಕೈಗೆ ಸ್ಟಾರ್ಟ್ ಆದ್ರೆ ನಾನು ಬರ್ತೇನೆ. ಆಗದಿದ್ರೆ ದೋಣಿ ತಮ್ಮನಿಗೆ.”

ಅವಳ ಬಲಭುಜದ ಕತೆ ಇಲ್ಲಿ ಹೇಳಬೇಕು. ಅದು ಹಿಡಿದುಕೊಂಡು ಎಷ್ಟೋ ಸಮಯವಾಗಿತ್ತು. ಆಂಟಾಪ್ ಹಿಲ್ಲಿನ ನಮ್ಮ ಮನೆಯಲ್ಲಿ ಮೇಲಿನ ಶೆಲ್ಫಿನ ಡಬ್ಬಿಗಳೆಲ್ಲ ಕೆಳಗಿಳಿದದ್ದು ಆ ಭುಜದ ದೆಸೆಯಿಂದಲೇ. ಹಳೆಯ ಮೋಟರಿನ ಹಗ್ಗವನ್ನು ಅವಳು ಒಮ್ಮೆಯೂ ಎಳೆದವಳಲ್ಲ.

ನಾನು ಹೆದರಲಿಲ್ಲ. ಮೋಟರು ಆರಿಸುವುದರಲ್ಲಿ ದಾದರಿನಿಂದ ಮಾಟುಂಗದ ತನಕ ನನ್ನನ್ನು ಮೀರಿಸಿದವನಿಲ್ಲ. ಹೋಟೆಲಿಗೆ ಗ್ರೈಂಡರು ಕೊಳ್ಳುವಾಗ ನಮ್ಮಲ್ಲಿ ಒಂದು ಪದ್ಧತಿಯಿದೆ: ಓಡುವ ಮೋಟರಿನ ತಲೆಯ ಮೇಲೆ ತುಂಬಿದ ಲೋಟ ಇಡುವುದು. ನೀರು ಕುಣಿದರೆ ಒಳಗೆ ಬೇರಿಂಗು ಸರಿಯಿಲ್ಲ, ಅಂಥದ್ದು ವರ್ಷ ಬಾಳದು. ಉಳಿದವರು ನೀರಿನ ಲೋಟ ಇಟ್ಟರೆ ನಾನು ಕಾಫಿಯ ಲೋಟ ಇಡುತ್ತಿದ್ದೆ, ಯಾಕೆಂದರೆ ಕಾಫಿಯ ಮೇಲಿನ ನೊರೆ ಸುಳ್ಳು ಹೇಳುವುದಿಲ್ಲ. ನಾನು ಫ್ಲಾಸ್ಕು ಹಿಡಿದು ಬರುವುದನ್ನು ಕಂಡರೆ ಗ್ರೈಂಡರಿನ ಅಂಗಡಿಯವರು ಕೆಟ್ಟ ಮಾಲನ್ನು ಹಿಂದಕ್ಕೆ ತಳ್ಳುತ್ತಿದ್ದರು. ಇದರಲ್ಲಿ ಅರ್ಧ ನಿಜ.

ಹಾಗೆ ಒಂದು ಬೆಳಿಗ್ಗೆ ಫ್ಲಾಸ್ಕಿನ ತುಂಬ ಕಾಫಿ, ಎರಡು ಸ್ಟೀಲಿನ ಲೋಟ ಹಿಡಿದು ರೇ ರೋಡಿನ ದಾರುಖಾನಾಕ್ಕೆ ಹೊರಟೆವು. ಒಡೆದ ಹಡಗುಗಳ ಸಾಮಾನಿನಿಂದ ಹಿಡಿದು ಹೊಸ ಯಂತ್ರಗಳ ತನಕ ದೋಣಿಗೆ ಬೇಕಾದದ್ದೆಲ್ಲ ಸಿಗುವ ಜಾಗ ಅದು. ತಮ್ಮನೂ ಬಂದ. ಕಾರು ಅವನದು, ಹಾಗಾಗಿ ದಾರಿಯುದ್ದಕ್ಕೂ ಬಾಯಿಯೂ ಅವನದೇ.

ಅಂಗಡಿಯ ಸೇಠ್ ಬಿಳಿ ಗಡ್ಡದ ಬೋಹ್ರಾ ಮುಸ್ಲಿಂ. ಗೋಡೆಯುದ್ದಕ್ಕೆ ಮರದ ಸ್ಟ್ಯಾಂಡುಗಳ ಮೇಲೆ ಮೋಟರುಗಳು ತಲೆ ಮೇಲೆ, ಕಾಲು ಕೆಳಗೆ ನೇತಾಡುತ್ತಿದ್ದವು. ಹೊರಗೆ ನೀರು ತುಂಬಿದ ನೀಲಿ ಡ್ರಮ್ಮು. ಮೋಟರನ್ನು ಅದರ ಅಂಚಿಗೆ ಕಚ್ಚಿಸಿ ಓಡಿಸಿ ತೋರಿಸುತ್ತಾರೆ. ನಾನು ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಎದುರು ಹೋಗಿ ನಿಂತೆ. ಮೀನಿನ ದೋಣಿಯವರು ಕಟ್ಟುವಂಥದ್ದು, ಎಮ್ಮೆಯಂತೆ ಕಪ್ಪಗೆ ಹೊಳೆಯುತ್ತಿತ್ತು. ಅದನ್ನು ಕಟ್ಟಿಕೊಂಡು ಬಂದರಿಗೆ ಹೋದರೆ ಕೋಳಿಗಳು ದಾರಿ ಬಿಡುತ್ತಾರೆ ಎಂದು ಲೆಕ್ಕ ಹಾಕಿದೆ. ಸೇಠ್ ನನ್ನ ದೋಣಿ ಎಷ್ಟು ದೊಡ್ಡದು ಎಂದು ವಿಚಾರಿಸಿದ. ನಾನು ಸ್ವಲ್ಪ ಹೆಚ್ಚಿಸಿ ಹೇಳಿದೆ, ಹೆಂಡತಿ ಸರಿಯಾದದ್ದನ್ನು ಹೇಳಿದಳು.

“ಅಣ್ಣಾ, ಯೇ ತೋ ತುಮ್ಹಾರೀ ನಾವ್ ಕೋ ಪೀಛೇ ಸೇ ಬಿಠಾ ದೇಗಾ” ಎಂದ ಸೇಠ್. ಹಿಂದಿನಿಂದ ಮುಳುಗಿಸಿ ಕೂರಿಸುತ್ತದಂತೆ. ಎಮ್ಮೆಯನ್ನು ಬಿಟ್ಟೆ.

ತಮ್ಮ, ಹೊಸದರ ಮರುಳಿನಲ್ಲಿ ತನ್ನ ಸಲಾಡನ್ನೇ ಮರೆತು, ಬ್ಯಾಟರಿಯದ್ದನ್ನು ಹಿಡಿದುಕೊಂಡ. ಅದಕ್ಕೆ ಎಳೆಯುವ ಹಗ್ಗವೇ ಇಲ್ಲ, ಗುಂಡಿ ಒತ್ತಿದರೆ ಆಯಿತು. ಲೋಟ ಇಟ್ಟು ನೋಡಿದೆ: ಕಾಫಿ ನಿದ್ದೆ ಮಾಡುತ್ತಿತ್ತು. ಆದರೆ ಶಿವ್ಡಿಯಲ್ಲಿ ಅದನ್ನು ಚಾರ್ಜ್ ಮಾಡುವುದೆಲ್ಲಿ? ಇರುವ ಒಂದು ಪ್ಲಗ್ಗಿಗೆ ಇಡೀ ಬಂದರಿನ ಮೊಬೈಲುಗಳು ಜೋತುಬಿದ್ದಿರುತ್ತವೆ. ಬ್ಯಾಟರಿಯನ್ನು ಹೊತ್ತು ಮನೆಗೆ ತರಬೇಕು, ನಮ್ಮ ಬಿಲ್ಡಿಂಗಿನ ಲಿಫ್ಟೋ ವಾರಕ್ಕೆ ಮೂರು ದಿನ ರಜೆ ಹಾಕುತ್ತದೆ. ಅಲ್ಲದೆ ಶಬ್ದವೇ ಇಲ್ಲದ ಮೋಟರು ನಿಂತರೆ ಯಾರಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಯಾರು ಹೆದರುತ್ತಾರೆ? ಕೊನೆಯ ಕಾರಣವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಹೆಂಡತಿ ನನ್ನ ಕಡೆ ನೋಡಿದಳು.

ಉಳಿದದ್ದು ಎರಡು. ಎರಡಕ್ಕೂ ಎಣ್ಣೆ ಬೆರೆಸುವ ರಗಳೆಯಿಲ್ಲ. ಒಂದು ಎರಡು ಸಿಲಿಂಡರಿನದ್ದು, ಗುಂಡಗೆ, ಮೈಕೈ ತುಂಬಿಕೊಂಡದ್ದು. ಇನ್ನೊಂದು ಒಂದೇ ಸಿಲಿಂಡರಿನ ಸಣ್ಣದು; ತಲೆ ಚಿಕ್ಕದು, ಕಾಲು ಮಾತ್ರ ಕೊಕ್ಕರೆಯದರಂತೆ ಉದ್ದ. ಸೇಠ್ ಮೊದಲನೆಯದನ್ನು ಡ್ರಮ್ಮಿಗೆ ಕಚ್ಚಿಸಿ ಓಡಿಸಿದ. ನಾನು ಕಾಫಿ ಬಗ್ಗಿಸಿ ಅದರ ತಲೆಯ ಮೇಲಿಟ್ಟೆ. ಅಕ್ಕಪಕ್ಕದ ಅಂಗಡಿಯವರು ಕೆಲಸ ಬಿಟ್ಟು ಬಂದು ನಿಂತರು. ನೊರೆ ಅಲುಗಲಿಲ್ಲ, ಅಂಚಿನಲ್ಲಿ ಒಂದು ಸಣ್ಣ ಉಂಗುರ ಎದ್ದು ಅಲ್ಲೇ ಕರಗಿತು. ಅಂಥ ಮೋಟರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಸುತ್ತ ನಿಂತವರಿಗೆ ಈ ಪರೀಕ್ಷೆ ಕಂಡುಹಿಡಿದದ್ದು ನಾನೇ ಎಂದು ಹಿಂದಿಯಲ್ಲಿ ಭಾಷಣ ಮಾಡಿದೆ.

ಆಮೇಲೆ ಸಣ್ಣದರ ಸರದಿ. ಅದು ಹೊರಟಿತೋ ಇಲ್ಲವೋ ಮೈಯೆಲ್ಲ ನಡುಗಿಸತೊಡಗಿತು. ಲೋಟ ಅದರ ತಲೆಯ ಮೇಲೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆದು, ಅಂಚಿಗೆ ಬಂದು ಒಂದು ಗಳಿಗೆ ಯೋಚಿಸಿ, ಡ್ರಮ್ಮಿನೊಳಗೆ ಹಾರಿತು. ಜನ ನಕ್ಕರು. ಸೇಠ್ ಮೋಟರು ನಿಲ್ಲಿಸಿ, ಅಂಗಿಯ ತೋಳು ಮಡಚಿ ಲೋಟವನ್ನು ಹುಡುಕಿ ತೆಗೆದುಕೊಟ್ಟ. ನನ್ನ ತೀರ್ಪು ಆಗಿಹೋಗಿತ್ತು. ಗುಂಡನೆಯದನ್ನು ಪ್ಯಾಕ್ ಮಾಡಿ ಎಂದೆ.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

ಗುಂಡನೆಯದರ ಹಗ್ಗ ಹಿಡಿದು ಎಳೆದಳು. ಅರ್ಧ ಬಂದು ನಿಂತಿತು. ಇನ್ನೊಮ್ಮೆ ಎಳೆದಳು, ಹಗ್ಗ ಅವಳ ಕೈಯನ್ನೇ ವಾಪಸು ಎಳೆದುಕೊಂಡಿತು. ಅವಳು ಭುಜ ಹಿಡಿದುಕೊಂಡು ನಿಂತಳು. ಮೂರನೆಯ ಸಲಕ್ಕೆ ನಾನೇ ಬೇಡವೆಂದೆ. ಎರಡು ಸಿಲಿಂಡರು, ಸ್ವಲ್ಪ ಬಿಗಿಯೇ ಇರುತ್ತದೆ ಎಂದು ಸೇಠ್ ಸಮಾಧಾನ ಹೇಳಿದ. ನಾನು ಎಳೆದುಕೊಡುತ್ತೇನೆ, ನೀನು ಸುಮ್ಮನೆ ಕೂತರಾಯಿತು ಎಂದು ನಾನು ಹೇಳಲು ಹೊರಟೆ. ಅವಳ ಮುಖ ನೋಡಿ ಅರ್ಧಕ್ಕೆ ಬಿಟ್ಟೆ. ತಮ್ಮ ಪಕ್ಕಕ್ಕೆ ಸರಿದು ಯಾರಿಗೋ ಫೋನು ಹಚ್ಚಿ, ದೋಣಿಯ ಕೆಳಗೆ ಇಡುವ ಸ್ಟ್ಯಾಂಡು ಸಾಗುವಾನಿಯದ್ದೇ ಆಗಬೇಕು ಎನ್ನುತ್ತಿದ್ದ. ಅವನ ಕಾರ್ಪೆಂಟರಿರಬೇಕು. ಆ ಫ್ಲಾಸ್ಕಿನ ಕಾಫಿ ಅವತ್ತು ಮೊದಲ ಸಲ ನನಗೆ ಕಹಿಯಾಯಿತು.

ಅವಳು ಸಣ್ಣದರ ಹತ್ತಿರ ಹೋದಳು. ಈ ಸಲ ಎಡಗೈಯಿಂದ ಹಗ್ಗ ಹಿಡಿದಳು. ತೋಳಿನಿಂದ ಎಳೆಯಲಿಲ್ಲ, ಬಾವಿಯಿಂದ ಕೊಡಪಾನ ಎತ್ತುವವರ ಹಾಗೆ ಇಡೀ ಮೈಯನ್ನು ಹಿಂದಕ್ಕೆ ವಾಲಿಸಿದಳು. ಒಂದೇ ಎಳೆತ. ಪಟಪಟ ಎಂದು ಹೊರಟೇಬಿಟ್ಟಿತು. ಸೇಠ್ ಬಂದ್ ಮಾಡಿದ, ಅವಳು ಮತ್ತೆ ಎಳೆದಳು, ಮತ್ತೆ ಹೊರಟಿತು. ಮೂರನೆಯ ಸಲ ಎಳೆಯುವ ಅಗತ್ಯವಿರಲಿಲ್ಲ. ಖುಷಿಗೆ ಎಳೆದಳು.

ಸೇಠ್ ಆಗ ಮೋಟರು ಕಚ್ಚಿಸುವ ಹಿಂದಿನ ಹಲಗೆಯ ಎತ್ತರ ಕೇಳಿದ. ಹಾಯಿದೋಣಿಯ ಹಿಂಭಾಗ ಎತ್ತರ, ಯಾರಾದರೂ ಮುಂದೆ ಹೋದರೆ ಅದು ಇನ್ನಷ್ಟು ಏಳುತ್ತದೆ; ಮೋಟರಿನ ಕಾಲು ಗಿಡ್ಡವಾದರೆ ನೀರೊಳಗೆ ತಿರುಗುವ ಫ್ಯಾನು ಗಾಳಿಗೆ ಬಂದು, ಖಾಲಿ ಜಾರಿನ ಮಿಕ್ಸಿಯ ಹಾಗೆ ಕಿರುಚುತ್ತದೆ. ನನಗೆ ಅಳತೆ ಗೊತ್ತಿರಲಿಲ್ಲ, ಅಂದಾಜಿನಲ್ಲಿ ಏನೋ ಹೇಳಿದೆ. ಅವಳು ಒಂದು ಮೊಳ, ಮೇಲೆ ನಾಲ್ಕು ಬೆರಳು ಎಂದು ತೋಳು ಚಾಚಿ ತೋರಿಸಿದಳು. ದಾದರಿನ ಹೂವಿನ ಮಾರ್ಕೆಟಿನಲ್ಲಿ ಮೊಗ್ಗಿನ ಮಾಲೆಗೆ ಅಳತೆ ನೋಡಿ ಜಗಳಾಡುವವಳು, ನಾನಿಲ್ಲದಾಗ ದೋಣಿಯನ್ನೂ ಅಳೆದು ಬಂದಿದ್ದಾಳೆ ಎಂದು ನನಗೆ ಆಗಲೇ ಗೊತ್ತಾದದ್ದು. ಬರುವುದಿಲ್ಲ ಎಂದವಳು ಅಳೆಯಲು ಯಾಕೆ ಹೋದಳು ಎಂದು ಕೇಳುವಷ್ಟು ದಡ್ಡ ನಾನಲ್ಲ. ಸೇಠ್ ಅವಳ ಮೊಳಕ್ಕೆ ಟೇಪು ಹಿಡಿದು, ಕೊಕ್ಕರೆ ಕಾಲಿನದ್ದೇ ಸರಿ ಎಂದ.

ಆದರೂ ನನ್ನ ಮರ್ಯಾದೆ ಉಳಿಯಬೇಕಲ್ಲ. ಇಷ್ಟು ನಡುಗುವ ಮೋಟರನ್ನು ಹೇಗೆ ಕೊಳ್ಳುವುದು, ಕಾಫಿ ನಿಲ್ಲುವುದಿಲ್ಲವಲ್ಲ ಎಂದೆ.

“ಕಾಫಿಯನ್ನು ಕೈಯಲ್ಲಿ ಹಿಡ್ಕೊಳ್ಳಿ ಮಾರಾಯ್ರೆ” ಎಂದಳು. “ಇನ್ನು ನಿಮ್ಮ ಕೈ ಖಾಲಿಯೇ ಅಲ್ವಾ.”

ತಮ್ಮ ಫೋನು ಕಿಸೆಗೆ ಹಾಕಿದ. ಸೇಠ್ ಕೊನೆಯಲ್ಲಿ ಸುರುಳಿ ಸುರುಳಿಯಾದ ಒಂದು ಕೆಂಪು ದಾರ ತಂದು ತೋರಿಸಿದ. ಅದರ ತುದಿಯಲ್ಲಿ ಪ್ಲಾಸ್ಟಿಕಿನ ಕ್ಲಿಪ್ಪು. ಕ್ಲಿಪ್ಪನ್ನು ಮೋಟರಿಗೆ ಸಿಕ್ಕಿಸಿ, ದಾರವನ್ನು ಓಡಿಸುವವರು ಕೈಗೆ ಕಟ್ಟಿಕೊಳ್ಳಬೇಕು. ಅವರು ನೀರಿಗೆ ಬಿದ್ದರೆ ಕ್ಲಿಪ್ಪು ಕಳಚಿ ಮೋಟರು ನಿಲ್ಲುತ್ತದೆ. ಕ್ಲಿಪ್ಪಿಲ್ಲದೆ ಅದು ಹೊರಡುವುದೂ ಇಲ್ಲ. ಸೇಠ್ ಅದನ್ನು ನನ್ನ ಕೈಗೆ ಕೊಟ್ಟ. ಅವಳು ನನ್ನ ಕೈಯಿಂದ ತೆಗೆದು, ಮನೆಯ ಬೀಗದ ಕೈಗಳ ಗೊಂಚಲಿಗೆ ಪೋಣಿಸಿಕೊಂಡಳು.

ಮುಂದಿನ ಭಾನುವಾರ ಭರತ ನೋಡಿ ದೋಣಿ ಬಿಟ್ಟೆವು. ತಮ್ಮನೂ ಬಂದ, ಬಾರದಿರಲು ನಾನು ಬಿಡಲಿಲ್ಲ. ಲೈಫ್ ಜಾಕೆಟ್ಟಿನೊಳಗೆ ಅವನು ಬಿರಿಯಾನಿಯ ಹಂಡೆಯಂತೆ ಕಾಣುತ್ತಿದ್ದ. ಅವಳು ಒಂದೇ ಎಳೆತಕ್ಕೆ ಮೋಟರು ಹಚ್ಚಿ, ಚುಕ್ಕಾಣಿ ಹಿಡಿದು ಕೂತಳು. ಹೊರಗೆ ಹೋಗಿ ಹಾಯಿ ಬಿಚ್ಚಿದೆವು. ಸಮುದ್ರದ ಮೇಲೆ ಹಾದುಹೋಗುವ ಉದ್ದದ ಸೇತುವೆಯ ನೆರಳಿನ ತನಕ ಹೋಗಿ ತಿರುಗಿದೆವು. ಅವಳು ಮತ್ತೆ ನಾನು ಹೇಳುವ ಮೊದಲೇ ಹಗ್ಗ ಸಡಿಲಿಸಿದಳು. ನಾನು ಏನೂ ಆಗದವನಂತೆ ತಮ್ಮನಿಗೆ ಸಮುದ್ರದ ಪಾಠ ಹೇಳುತ್ತಿದ್ದೆ.

ವಾಪಸು ಬರುವಾಗ ಕಾಲುವೆಯ ನಟ್ಟನಡುವೆ ಮೋಟರು ನಿಂತಿತು.

ನಾನು ಪೆಟ್ರೋಲು ನೋಡಿದೆ, ಇತ್ತು. ನಲ್ಲಿ ನೋಡಿದೆ, ತೆರೆದೇ ಇತ್ತು. ಹಗ್ಗ ಎಳೆದೆ, ಸರಾಗವಾಗಿ ಬಂತು. ಮೋಟರು ಮಾತ್ರ ಉಸಿರೆತ್ತಲಿಲ್ಲ. ಮತ್ತೆ ಮತ್ತೆ ಎಳೆದೆ. ಮುಚ್ಚಳ ತೆಗೆದು ಒಳಗೆ ಇಣುಕಿ, ಗೊತ್ತಿದ್ದವನಂತೆ ತಲೆಯಾಡಿಸಿದೆ. ತಮ್ಮ ನಗುತ್ತಿದ್ದ.

“ಭಾವ, ಈ ನಾಟಕ ನಂಗೆ ಗೊತ್ತುಂಟು. ಅಕ್ಕ ಹೇಳಿದ್ದಾಳೆ.”

ನಾಟಕವಲ್ಲವೋ ಎಂದೆ. ಅವನು ಇನ್ನೂ ನಕ್ಕ. ನೀರು ಇಳಿಯತೊಡಗಿತ್ತು, ಬದಿಯಲ್ಲಿ ಕೆಸರಿನ ಬೆನ್ನು ಕಾಣುತ್ತಿತ್ತು. ಹೆಂಡತಿ ಫ್ಲಾಸ್ಕು ತೆರೆದು ನಿಧಾನಕ್ಕೆ ಕಾಫಿ ಬಗ್ಗಿಸಿಕೊಂಡಳು. ಒಂದು ಗುಟುಕು ಕುಡಿದು ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

“ಇವತ್ತು ಚಂದ ಆಯ್ತು” ಎಂದಳು. ಆಮೇಲೆ, “ಸ್ವಲ್ಪ ಮರ್ಯಾದೆಯಲ್ಲಿ ಕೇಳಿ ನೋಡಿ ಅದಕ್ಕೆ. ಕೈ ಮುಗಿದು.”

ನಾನು ಅವಳ ಸೊಂಟದ ಕಡೆ ನೋಡಿದೆ. ಬೀಗದ ಕೈ ಗೊಂಚಲಿನಲ್ಲಿ ಕೆಂಪು ದಾರ, ದಾರದ ತುದಿಯಲ್ಲಿ ಕ್ಲಿಪ್ಪು ನೇತಾಡುತ್ತಿತ್ತು. ಇದನ್ನು ನಾನು ಮೊದಲೇ ನೋಡಿದ್ದೆ, ಅವಳ ಸಂತೋಷಕ್ಕಾಗಿ ಸುಮ್ಮನಿದ್ದೆ ಎಂದು ಬಂದರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀವೂ ಹಾಗೆಯೇ ತಿಳಿದುಕೊಳ್ಳಿ.

ಮೋಟರಿನ ಎದುರು ಮಂಡಿಯೂರಿ, ಅವಳ ತಮ್ಮನ ಕಣ್ಣೆದುರೇ ಕೈಮುಗಿದೆ. ದೊಡ್ಡವರೇ, ಮಕ್ಕಳ ಮೇಲೆ ಕೋಪ ಬೇಡ ಎಂದೆ. ಸರಿಯಾಗಿ ಕೇಳಲಿಲ್ಲ ಎಂದಳು. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ದೂರದಲ್ಲಿ ಬಲೆ ತೊಳೆಯುತ್ತಿದ್ದ ಕೋಳಿಯೊಬ್ಬ ತಲೆಯೆತ್ತಿ ನೋಡಿದ. ಆಗ ಅವಳು ಲೋಟ ನನ್ನ ಕೈಗೆ ಕೊಟ್ಟು, ಕ್ಲಿಪ್ಪು ಸಿಕ್ಕಿಸಿ, ಮೈ ವಾಲಿಸಿ ಒಂದೇ ಎಳೆತ ಎಳೆದಳು.

ತಮ್ಮನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಸತ್ತ ಹಳೆಯ ಮೋಟರಿಗೆ ಪಾಲಿಶ್ ಹಾಕಿಸಿ ಅವನಿಗೆ ಕೊಟ್ಟೆ. ಈಗ ಅದು ಮುಲುಂಡಿನ ಏಸಿ ಹಾಲಿನ ಗೋಡೆಯ ಮೇಲಿದೆ. ಅದು ಮಸ್ಕತ್ತಿನ ತನಕ ಹೋಗಿ ಬಂದ ಮೋಟರು ಎಂದು ನಾನು ಗಿರಾಕಿಗಳಿಗೆ ಹೇಳಿಟ್ಟಿದ್ದೇನೆ. ಅವನೂ ಈಗ ಅದನ್ನೇ ಹೇಳುತ್ತಾನೆ, ಕ್ರಮೇಣ ನಂಬಿಯೂ ಇದ್ದಾನೆ ಎಂದು ಕಾಣುತ್ತದೆ.

ಭಾನುವಾರ ಭರತ ಎಷ್ಟು ಹೊತ್ತಿಗೆ ಎಂದು ಈಗ ಮೊದಲು ಕೇಳುವವಳು ಅವಳೇ. ಚುಕ್ಕಾಣಿ ಅವಳದು, ಹಗ್ಗ ಅವಳದು, ಕೆಂಪು ದಾರ ಅವಳದು. ನಾನು ಕಾಫಿ ಹಿಡಿದುಕೊಳ್ಳುತ್ತೇನೆ. ಹೋಟೆಲಿನಲ್ಲಿ ಅರ್ಧ ಲೋಟದ ಕಟಿಂಗ್ ಚಾ ಎಷ್ಟೋ ಕೊಟ್ಟಿದ್ದೇನೆ, ಆದರೆ ಕಾಫಿಯನ್ನು ಯಾವ ಗಿರಾಕಿಗೂ ಅರ್ಧ ಲೋಟ ಕೊಟ್ಟವನಲ್ಲ. ಆ ಮೋಟರಿನ ನಡುಕಕ್ಕೆ ಅರ್ಧಕ್ಕಿಂತ ಮೇಲೆ ನಿಲ್ಲುವುದೇ ಇಲ್ಲ. ಅವಳು ಅರ್ಧ ಬಗ್ಗಿಸಿ ಕೊಡುತ್ತಾಳೆ, ನಾನು ಕುಡಿಯುತ್ತೇನೆ, ಮತ್ತರ್ಧ ಕೇಳುತ್ತೇನೆ.